ಯಾದವಗಿರಿಯ ತಿಪ್ಪೆ

ಯಾದವಗಿರಿಯಲ್ಲಿ ನಾವು ಮನೆ ಕಟ್ಟಿಸಿದ ರಸ್ತೆಯಲ್ಲಿ ಎಲ್ಲರ ಹಿತ್ತಿಲಲ್ಲೂ ಒಂದೊಂದು ಶೋಕಿ ಇತ್ತು. ಒಬ್ಬರು ಗುಲಾಬಿ ಬೆಳೆಸುತ್ತಿದ್ದರು, ಇನ್ನೊಬ್ಬರು ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು, ಪಕ್ಕದ ಮನೆಯ ಅಲಮೇಲು ಅವರ ಹಿತ್ತಿಲಲ್ಲಿ ಮಲ್ಲಿಗೆ ಚಪ್ಪರವಿತ್ತು. ನಮ್ಮ ಹಿತ್ತಿಲಲ್ಲಿ ಇದ್ದದ್ದು ತಿಪ್ಪೆ. ಮುಚ್ಚುಮರೆ ಯಾಕೆ, ಎದೆಮಟ್ಟದ ತಿಪ್ಪೆ. ನಮ್ಮತ್ತೆ ದೇವಿರಮ್ಮ ಒಂದು ಹಸು ಸಾಕಿದ್ದರು. ಬೆಳಗಾಗೆದ್ದು ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಮನೆಯ ಕಸ ಎಲ್ಲವನ್ನೂ ಮಕ್ಕರಿಗೆ ತುಂಬಿ, ತಲೆಯ ಮೇಲೆ ಹೊತ್ತು, ತಿಪ್ಪೆಗೆ ಸುರಿದು ಬಂದ ಮೇಲೆಯೇ ಅವರಿಗೆ ಕಾಫಿ. ದೀಪಾವಳಿಯ ದಿನ ಅದರ ನೆತ್ತಿಗೆ ಹುಚ್ಚೆಳ್ಳು ಹೂವು ಸಿಕ್ಕಿಸಿ, ದೀಪ ಹಚ್ಚಿ ಕೈಮುಗಿಯುತ್ತಿದ್ದರು. ಅಲಮೇಲು ಅವರ ಅಡುಗೆಮನೆಯ ಕಿಟಕಿ ಆ ಕಡೆಗೇ ಇತ್ತು. ಪಾಪ, ಆಕೆ ಒಳ್ಳೆಯವರು, ಕಿಟಕಿ ಮುಚ್ಚಿಕೊಂಡೇ ಅಡುಗೆ ಮಾಡುವುದನ್ನು ಕಲಿತರು.

ನಮ್ಮ ಯಜಮಾನರು ಕಾಲೇಜಿನಲ್ಲಿ ಚರಿತ್ರೆಯ ಲೆಕ್ಚರರು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಗೇಟಿನ ಬೋರ್ಡಿನಲ್ಲಿ ಎಂ. ನಿಂಗಯ್ಯ, ಎಂ.ಎ. ಎಂದಿತ್ತು. ಆದರೆ ಅವರ ಅವ್ವನಿಗೆ ಅವರು ಹುಟ್ಟಿದಾಗಿನಿಂದ ತಿಪ್ಪಯ್ಯ. ಅವರಿಗಿಂತ ಮುಂಚೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಹಾಗಾದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದರೆ ಅದನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಹೆತ್ತವರು ಅದು ನಮ್ಮದಲ್ಲ ಎನ್ನಬೇಕು. ಹೊರಗಿನ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು, ತೌಡು ಇಸಿದುಕೊಂಡು, ಮಾರಬೇಕು. ಕಸದಲ್ಲಿ ಬಿದ್ದದ್ದು, ತೌಡಿಗೆ ಬಂದದ್ದು ಎಂದಮೇಲೆ ಸಾವಿಗೂ ಅದರ ಮೇಲೆ ಆಸೆ ಹುಟ್ಟುವುದಿಲ್ಲ ಎಂಬ ಉಪಾಯ. ಹಾಗೆ ಕೊಂಡು ತಂದ ಕೂಸೇ ನಮ್ಮ ಯಜಮಾನರು. ಅಂಥ ಕೂಸಿನ ಮೂಗನ್ನೂ ಚುಚ್ಚುತ್ತಾರೆ, ಆ ಗುರುತು ಅವರಿಗೆ ಈಗಲೂ ಇದೆ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಸಿಡುಬಿನ ಕಲೆ ಎನ್ನುತ್ತಿದ್ದರು.

ಅವರು ಮಲಗಿದ್ದ ತಿಪ್ಪೆ ಇದ್ದದ್ದು ಮಂಡಕಳ್ಳಿಯಲ್ಲಿ. ಅವರ ಮನೆಯಿದ್ದ ಜಾಗ ವಿಮಾನ ಇಳಿಯುವ ಬಯಲಿಗೆ ಹೋದಾಗ ನಮ್ಮತ್ತೆ ಪಾತ್ರೆಪಡಗ, ಒರಳುಕಲ್ಲಿನ ಜೊತೆ ಒಂದು ಮಕ್ಕರಿ ತಿಪ್ಪೆಯನ್ನೂ ಗಾಡಿಗೆ ಹೇರಿದರಂತೆ. ಹಳೆಯ ತಿಪ್ಪೆಯ ಒಂದು ಮಕ್ಕರಿ ಹಾಕಿಯೇ ಹೊಸದನ್ನು ಶುರು ಮಾಡುವುದು ಅವರ ಮನೆಯ ಕ್ರಮ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇನ್ನೊಂದು ಕ್ರಮವೂ ಇತ್ತು. ಗೊಬ್ಬರ ತೆಗೆಯುವಾಗ ತಿಪ್ಪೆಯನ್ನು ನೆಲ ಕಾಣುವ ತನಕ ಕೆರೆಯಬಾರದು, ಅಡಿ ಬಿಡಬೇಕು. ವರ್ಷಕ್ಕೊಮ್ಮೆ ತೋಟದವರು ಬಂದು ಗಾಡಿಗೆ ಗೊಬ್ಬರ ತುಂಬುವಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ಮೊಣಕಾಲುದ್ದ ಅಡಿ ಬಿಡಿಸುತ್ತಿದ್ದರು. ಮಗನ ಆಯಸ್ಸು ಆ ಅಡಿಯಲ್ಲಿದೆ ಎಂಬುದು ಅವರ ನಂಬಿಕೆ.

ಇನ್ನು ಯಜಮಾನರ ತಿಪ್ಪೆ. ಇಲವಾಲ ದಾಟಿ ಒಳಗೆ ಹೋದರೆ ಹುಲ್ಲು ಬೆಳೆದ ಒಂದು ದಿಬ್ಬವಿತ್ತು. ಸುತ್ತಲಿನವರು ಅದನ್ನು ಹಾಳೂರು ದಿಬ್ಬ ಎನ್ನುತ್ತಿದ್ದರು. ಅದರ ಮಗ್ಗುಲಲ್ಲಿ ಉಳುವಾಗ ನಯವಾಗಿ ಉಜ್ಜಿದ ಕಲ್ಲಿನ ಕೊಡಲಿಗಳು ಸಿಗುತ್ತಿದ್ದವು. ಅವು ಸಿಡಿಲಿನ ಜೊತೆ ಬಿದ್ದವೆಂದು ಜನ ಮರದ ಬುಡದಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಯಜಮಾನರು ಕಾಲೇಜಿನ ಪರವಾಗಿ 1960ರ ಬೇಸಗೆಯಿಂದ ಅಲ್ಲಿ ಅಗೆಯುತ್ತಿದ್ದರು. ಮೇಲಿನ ಮಣ್ಣು ತೆಗೆದರೆ ಬೂದಿ, ಅದರ ಕೆಳಗೆ ಕಂದು ಮಣ್ಣು, ಮತ್ತೆ ಬೂದಿ. ಕಬ್ಬಿಣವನ್ನೇ ಕಾಣದ ಜನ, ದನ ಸಾಕಿಕೊಂಡಿದ್ದವರು, ದೊಡ್ಡಿಯ ಸಗಣಿಯನ್ನು ಒಂದೇ ಕಡೆ ರಾಶಿ ಹಾಕಿ, ಆಗಾಗ ಬೆಂಕಿಯಿಟ್ಟು, ಮತ್ತೆ ಅದರ ಮೇಲೆಯೇ ಹಾಕುತ್ತ ತಲೆಮಾರುಗಟ್ಟಲೆ ಬೆಳೆಸಿದ್ದು ಅದು ಎಂದು ಅವರ ವಾದ. ಬಳ್ಳಾರಿ ಸೀಮೆಯಲ್ಲಿ ಇಂಥ ಬೂದಿ ದಿಬ್ಬಗಳು ಮನೆಗಿಂತ ಎತ್ತರವಾಗಿ ಇವೆಯಂತೆ. ಮೈಸೂರಿನ ಪಕ್ಕದಲ್ಲೂ ಒಂದಿದೆ ಎಂದರೆ ಆ ವಿದ್ಯೆಯ ದೊಡ್ಡವರು ನಂಬುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ನಮ್ಮ ಮನೆಯಲ್ಲಿ ಅದೇ ಮಾತು. ಅಷ್ಟು ದೂರ ಹೋಗಿ ಏನನ್ನು ಅಗೆಯುತ್ತೀಯ ಎಂದು ಅತ್ತೆ ಒಂದು ದಿನ ಕೇಳಿಯೇಬಿಟ್ಟರು.

"ತಿಪ್ಪೆ ಕಣವ್ವ," ಎಂದರು ಇವರು. "ಮೂರು ಸಾವಿರ ವರ್ಷದ ತಿಪ್ಪೆ."

ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು, ಅದರ ಅಡಿಯನ್ನು ಯಾರೂ ಕೆರೆದಿಲ್ಲವೇ ಎಂದು ವಿಚಾರಿಸಿದರು. ಇಲ್ಲ ಎಂದು ಗೊತ್ತಾದ ಮೇಲೆ, ಹಾಗಾದರೆ ಆ ಜನ ಮರ್ಯಾದಸ್ಥರೇ ಇರಬೇಕು ಎಂದು ಊಟ ಮುಂದುವರಿಸಿದರು.

ನಾನು ಮದುವೆಗೆ ಮುಂಚೆ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿದವಳು, ಬಾಯಿ ಸ್ವಲ್ಪ ಜೋರು. ಸತ್ತವರ ತಿಪ್ಪೆಗೆ ಟೇಪು ಹಿಡಿಯುತ್ತೀರಿ, ಹೆತ್ತವ್ವನ ತಿಪ್ಪೆಗೆ ಮೂಗು ಹಿಡಿಯುತ್ತೀರಿ ಎಂದು ಯಜಮಾನರನ್ನು ಛೇಡಿಸಿದೆ. ಅದು ಚರಿತ್ರೆ, ಇದು ಗಲೀಜು ಎಂದು ಅವರು ಪೇಪರು ಬಿಡಿಸಿಕೊಂಡರು. ಹಾಗೆಂದು ನಾನೇನೂ ಅತ್ತೆಯ ಪಕ್ಷದವಳಲ್ಲ. ನೊಣ ಹೊಡೆದು ಹೊಡೆದು ಕೈ ಸೋತಿದ್ದು ನನ್ನದೇ.

ಆದರೆ ನನ್ನ ಸಂಕಟ ಬೇರೆ ಇತ್ತು. ನನ್ನ ಮೊದಲ ಮಗು ಬಾಣಂತನದಲ್ಲೇ ಹೋಯಿತು. ಎರಡನೆಯದು ಹುಟ್ಟಿದಾಗ ತಿಪ್ಪೆಗೆ ಹಾಕೋಣವೆಂದು ಅತ್ತೆ ಅಂಗಲಾಚಿದ್ದರು. ಯಜಮಾನರು ಅವರನ್ನು ಗದರಿಸಿ ಸುಮ್ಮನಾಗಿಸಿದರು. ಆ ಕೂಸು ಬೋರಲು ಬೀಳುವುದನ್ನು ಕಲಿತಿತ್ತು, ನನ್ನ ಗುರುತು ಹಿಡಿದು ನಗುತ್ತಿತ್ತು. ಜ್ವರ ಬಂದು ಅದೂ ಹೋಯಿತು. ಮನೆಯಲ್ಲಿ ಯಾರೂ ಯಾರನ್ನೂ ಏನೂ ಅನ್ನಲಿಲ್ಲ, ಅಂದಿದ್ದರೆ ಒಳ್ಳೆಯದಿತ್ತು. ಮೂರನೆಯದು ನಿಂತಾಗ ಅತ್ತೆ ನನ್ನ ಪಕ್ಕ ಬಂದು ಕೂತು, ಈ ಸಲ ಕೂಸು ಆಸ್ಪತ್ರೆಯಿಂದ ಬಂದರೆ ಹೊಸಿಲು ದಾಟುವ ಮೊದಲು ತಿಪ್ಪೆಯ ಮೇಲೆ ಮಲಗಬೇಕು ಎಂದರು. ಅವರನ್ನು ಕೇಳಲು ಹೋಗಬೇಡಿ, ನಾವೇ ಮಾಡೋಣ ಎಂದು ನಾನೇ ಹೇಳಿದೆ. ನನಗೆ ನಂಬಿಕೆ ಇರಲಿಲ್ಲ. ನಂಬದೆ ಇರುವಷ್ಟು ಧೈರ್ಯವೂ ಉಳಿದಿರಲಿಲ್ಲ.

1962ರ ಶಿವರಾತ್ರಿ ಕಳೆದ ಮೇಲೆ ಅನಂತಪದ್ಮನಾಭ ಎಂಬ ದೊಡ್ಡ ಅಧಿಕಾರಿಗಳು ದಿಬ್ಬ ನೋಡಲು ಬರುತ್ತಾರೆಂದು ಗೊತ್ತಾಯಿತು. ಮುಂದಿನ ವರ್ಷದ ಅಗೆತಕ್ಕೆ ಅನುಮತಿ, ಹಣ ಎರಡೂ ಅವರ ಕೈಯಲ್ಲಿದ್ದವು. ದಿಬ್ಬಕ್ಕೆ ಹೋಗುವ ಮುಂಚಿನ ಸಂಜೆ ನಮ್ಮ ಮನೆಗೆ ಅವರು ಟೀಗೆ ಬರುವುದೆಂದು ಗೊತ್ತಾಗಿತ್ತು. ಯಜಮಾನರು ಸೋಫಾಕ್ಕೆ ಹೊಸ ಕವರು ಹೊಲಿಸಿದರು. ಅವರು ಹಿತ್ತಿಲ ಬಾಗಿಲಲ್ಲಿ ನಿಂತು ತಿಪ್ಪೆಯನ್ನೇ ನೋಡುತ್ತಿದ್ದುದನ್ನು ನಾನು ಕಂಡೆ. ಅಷ್ಟರಲ್ಲಿ ನನಗೆ ನೋವು ಕಾಣಿಸಿಕೊಂಡಿತು, ಅತ್ತೆ ನನ್ನನ್ನು ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಲ್ಲೇ ಉಳಿದುಕೊಂಡರು. ಅವರ ಬಟ್ಟೆಯ ಗಂಟಿನಲ್ಲಿ ಒಂದು ತೌಡಿನ ಗಂಟೂ ಇತ್ತು. ಇದು ಯಾಕೆ, ಹಸುವನ್ನೂ ಕರೆತಂದಿದ್ದೀರಾ ಎಂದು ನರ್ಸು ನಕ್ಕಳು. ಅತ್ತೆ ಗಂಟನ್ನು ಮಂಚದ ಕೆಳಗೆ ತಳ್ಳಿದರು.

ಹೆಣ್ಣು ಮಗು ಹುಟ್ಟಿತು. ಯಜಮಾನರು ಸಂಜೆ ಸಂಜೆ ಬಂದು, ಅದರ ಬೆರಳುಗಳನ್ನು ಬಿಡಿಸಿ ನೋಡಿ, ಬಹಳ ಹೊತ್ತು ಕೂತು ಹೋಗುತ್ತಿದ್ದರು. ಕೊನೆಯ ದಿನ ಮಾತ್ರ ರಾತ್ರಿ ತಡವಾಗಿ ಬಂದು, ಟೀ ಚೆನ್ನಾಗಿ ಆಯಿತೆಂದು ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಮ್ಮನ್ನು ಮನೆಗೆ ಕಳಿಸಿದ ಬೆಳಿಗ್ಗೆ ಅವರು ಅಧಿಕಾರಿಗಳ ಜೊತೆ ದಿಬ್ಬಕ್ಕೆ ಹೋಗಿದ್ದರಿಂದ ನಾವು ಜಟಕಾ ಮಾಡಿಕೊಂಡು ಬಂದೆವು. ಗೇಟಿನಲ್ಲಿ ಇಳಿದು, ಮುಂಬಾಗಿಲಿಗೆ ಹೋಗದೆ, ಮನೆಯ ಪಕ್ಕದಿಂದ ಸೀದಾ ಹಿತ್ತಿಲಿಗೆ ನಡೆದೆವು.

ತಿಪ್ಪೆ ಇರಲಿಲ್ಲ. ಅದಿದ್ದ ಮೂಲೆಯಲ್ಲಿ ಕೆಂಪು ಗರುಸು ಹಾಸಿ, ಕ್ರೋಟನ್ ಕುಂಡಗಳನ್ನು ಅರ್ಧಚಂದ್ರಾಕಾರವಾಗಿ ಜೋಡಿಸಿದ್ದರು. ಅಲಮೇಲು ಕಿಟಕಿಯಿಂದಲೇ ಮಗುವನ್ನು ಕಂಡು ಸಂತೋಷಪಟ್ಟು, ಮುನಿಸಿಪಾಲ್ಟಿಯ ಲಾರಿ ಬಂದು ಎಲ್ಲವನ್ನೂ ಎತ್ತಿಕೊಂಡು ಹೋಯಿತು, ಈಗ ಎಷ್ಟು ಲಕ್ಷಣವಾಗಿದೆ ನೋಡಿ ಎಂದರು. ಅವರ ಕಿಟಕಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಒಂದು ಕುಂಡವನ್ನು ಸರಿಸಿ, ಕುಕ್ಕರಗಾಲಲ್ಲಿ ಕೂತು, ಗರುಸನ್ನು ಬೆರಳಿನಿಂದ ಕೆದಕಿದರು. ಕೆಳಗೆ ಗಟ್ಟಿ ನೆಲ ಸಿಕ್ಕಿತು.

"ಅಡಿನೂ ಬುಡ್ನಿಲ್ಲ," ಎಂದರು.

ಅವರು ಅಳುತ್ತಾರೆ, ಇಲ್ಲವೇ ಶಾಪ ಹಾಕುತ್ತಾರೆ ಎಂದುಕೊಂಡೆ. ಎರಡೂ ಇಲ್ಲ. ಅಳು ಬಂದದ್ದು ನನಗೆ. ಸಿಟ್ಟು ನೆತ್ತಿಗೇರಿತ್ತು, ಮಗು ಕೈಯಲ್ಲಿರದಿದ್ದರೆ ಆ ಕುಂಡಗಳನ್ನು ಒಂದೊಂದಾಗಿ ಒಡೆಯುತ್ತಿದ್ದೆ. ಪಡುವಾರಹಳ್ಳಿಯ ಕಡೆ ಯಾರದ್ದಾದರೂ ತಿಪ್ಪೆ ಇದ್ದೀತು, ಅಲ್ಲಿಗೆ ಹೋಗೋಣ ಎಂದೆ. ಅತ್ತೆ ತಲೆಯಾಡಿಸಿದರು. ಬೇರೆಯವರ ತಿಪ್ಪೆಯ ಮೇಲೆ ಮಲಗಿಸಿದರೆ ನಮ್ಮ ಮನೆಯ ಸಾವು ಅವರ ಮನೆಗೆ ಹೋಗುತ್ತದೆ. ಮಕ್ಕಳೊಂದಿಗರು ಯಾರೂ ಒಪ್ಪುವುದಿಲ್ಲ, ಒಪ್ಪಿದರೂ ಹಾಗೆ ಮಾಡಬಾರದು. ಎದ್ದವರು ನೇರವಾಗಿ ಗೇಟಿನಲ್ಲಿ ಇನ್ನೂ ನಿಂತಿದ್ದ ಜಟಕಾದ ಹತ್ತಿರ ಹೋಗಿ, ಇಲವಾಲದ ಕಡೆ ಹೊಡಿಯಪ್ಪ ಎಂದರು. ಯಾರ ಮನೆಯದೂ ಅಲ್ಲದ ತಿಪ್ಪೆ ಒಂದಿದೆಯಲ್ಲ, ನಿನ್ನ ಗಂಡನೇ ಹೇಳಿದ್ದಾನಲ್ಲ ಎಂದು ನನಗೆ ವಿವರಿಸಿದರು. ನೀನು ಹಸಿ ಬಾಣಂತಿ, ಜಗಲಿಯ ಮೇಲೆ ಕೂತಿರು ಎಂದೂ ಹೇಳಿದರು. ನಾನು ಕೇಳಲಿಲ್ಲ, ಹತ್ತಿ ಕೂತೆ.

ದಾರಿಯುದ್ದಕ್ಕೂ ಮಗು ನಿದ್ದೆ ಮಾಡಿತು. ನನಗೆ ಜಟಕಾದ ಒಂದೊಂದು ಕುಲುಕೂ ಪ್ರಾಣಕ್ಕೆ ಬರುತ್ತಿತ್ತು. ಇಲವಾಲದಿಂದ ಮುಂದೆ ಗಾಡಿಯ ಜಾಡಿನಲ್ಲಿ ಹೋದಾಗ ದಿಬ್ಬ ಕಾಣಿಸಿತು. ಅದನ್ನು ಮೊದಲ ಸಲ ನೋಡುತ್ತಿದ್ದ ನನಗೆ ಇಷ್ಟೇನಾ ಅನ್ನಿಸಿತು. ಹುಲ್ಲಿನ ಗುಡ್ಡೆ, ಅದರ ಪಕ್ಕೆಯಲ್ಲಿ ಚೌಕವಾಗಿ ತೋಡಿದ ಗುಳಿ, ಗುಳಿಯ ಸುತ್ತ ಗೂಟ ಹೊಡೆದು ಕಟ್ಟಿದ ದಾರ. ಆ ದಾರ ದಾಟಿ ಕಾಲಿಟ್ಟ ಕೂಲಿಯಾಳುಗಳಿಗೆ ಯಜಮಾನರು ಹೇಗೆ ಬೈಯುತ್ತಾರೆಂದು ನಮಗೆ ಮನೆಯಲ್ಲೇ ಗೊತ್ತಿತ್ತು. ಸಂಜೆ ಕೂಲಿಯವರು ಹೊರಡುವಾಗ ಅವರ ಸೆರಗು, ಜೇಬು ನೋಡಿ, ಒಡೆದ ಮಡಕೆಯ ಒಂದು ಬೋಕಿಯೂ ಆಚೆ ಹೋಗದಂತೆ ಕಾಯುವ ಮನುಷ್ಯ ಅವರು. ಈಗ ಗುಳಿಯೊಳಗೆ ನಿಂತು, ಕೋಲಿನಿಂದ ಬೂದಿಯ ಪದರಗಳನ್ನು ತೋರಿಸುತ್ತಿದ್ದರು. ಅಂಚಿನಲ್ಲಿ ಛತ್ರಿ ಹಿಡಿದು ನಿಂತಿದ್ದ ವಯಸ್ಸಾದವರೇ ಅನಂತಪದ್ಮನಾಭ. ಕುಂಬಾರರ ಆವಿಗೆಯ ಬೂದಿ ಯಾಕಾಗಿರಬಾರದು ಎಂದು ಅವರು ಕೇಳುತ್ತಿದ್ದರು. ಇವರ ಮುಖ ಬೆವೆತಿತ್ತು.

ಅತ್ತೆ ಸೀದಾ ಗುಳಿಯ ಕಡೆ ನಡೆದರು. ಗುಳಿಯ ಪಕ್ಕದಲ್ಲಿ ಹಸಿ ಮಣ್ಣಿನ ಒಂದು ದೊಡ್ಡ ರಾಶಿಯಿತ್ತು, ಎದೆಮಟ್ಟ, ನಮ್ಮ ಹಿತ್ತಿಲಲ್ಲಿ ಇದ್ದ ತಿಪ್ಪೆಯ ಆಕಾರವೇ. ಅವರು ಅದರ ಮೇಲೆ ಹಳೆಯ ಸೀರೆಯ ತುಂಡು ಹಾಸಿ, ನನ್ನ ಕೈಯಿಂದ ಮಗುವನ್ನು ಇಸಿದುಕೊಂಡು ಮಲಗಿಸಲು ಹೋದರು. ಆಗ ಯಜಮಾನರು ನಮ್ಮನ್ನು ನೋಡಿದರು. ಮಾತು ಅರ್ಧಕ್ಕೆ ನಿಂತಿತು. ಅವರು ಅವ್ವನ ಕೈಯಲ್ಲಿದ್ದ ಮಗುವನ್ನು, ನನ್ನ ಕೈಯಲ್ಲಿದ್ದ ತೌಡಿನ ಗಂಟನ್ನು ನೋಡಿದರು, ಆಮೇಲೆ ಛತ್ರಿಯ ಕೆಳಗಿದ್ದವರನ್ನು. ಈಗ ಗದರಿಸುತ್ತಾರೆ, ಗದರಿಸಿದರೆ ಇಷ್ಟು ಜನರ ಮುಂದೆಯೇ ತಿರುಗಿ ಹೇಳುತ್ತೇನೆ, ಎರಡನೆಯ ಕೂಸಿನ ಮಾತನ್ನೂ ಎತ್ತುತ್ತೇನೆ ಎಂದು ನಾನು ಹಲ್ಲು ಕಚ್ಚಿ ನಿಂತೆ.

"ಅಲ್ಲಿ ಬ್ಯಾಡ ಕಣವ್ವ," ಎಂದರು. "ಅದು ನಾವು ತೋಡಿ ಹಾಕಿರೋ ಮಣ್ಣು. ತಿಪ್ಪೆ ಇಲ್ಲಿ ಅದೆ. ಬಾ, ಕೈ ಕೊಡು."

ಅವರೇ ಎರಡು ಗೂಟ ಕಿತ್ತು, ದಾರ ಪಕ್ಕಕ್ಕೆ ಹಾಕಿದರು. ಅವ್ವನನ್ನು ರಟ್ಟೆ ಹಿಡಿದು ಗುಳಿಯೊಳಗೆ ಇಳಿಸಿಕೊಂಡರು, ಚೀಟಿ ಅಂಟಿಸಿದ್ದ ಪದರಗಳ ಮುಂದೆ, ಬ್ರಷ್ಷಿನಲ್ಲಿ ಗುಡಿಸಿದ್ದ ನೆಲದ ಮೇಲೆ ಅವರನ್ನು ನಡೆಸಿಕೊಂಡು ಮೂಲೆಗೆ ಹೋದರು. ಅಲ್ಲಿ ಎಲ್ಲಕ್ಕಿಂತ ಕೆಳಗೆ ಹಿಟ್ಟಿನಂಥ ಬೂದಿಯ ನೆಲವಿತ್ತು. ಇದು ಅಡಿ, ಇದನ್ನು ಯಾರೂ ಕೆರೆದಿಲ್ಲ, ನಾವೂ ಇನ್ನೂ ಮುಟ್ಟಿಲ್ಲ ಎಂದು ಅವ್ವನಿಗೆ ತೋರಿಸಿದರು. ಒಂದು ಚಿಕ್ಕ ಕಲ್ಲನ್ನು ಕರಣೆಯಿಂದ ಎಬ್ಬಿಸಿ ತೆಗೆದು, ಅಂಗೈಯಿಂದ ಆ ಜಾಗವನ್ನು ಸವರಿ ಸಮ ಮಾಡಿದರು. ಅತ್ತೆ ಮಗುವನ್ನು ಅಲ್ಲಿ ಮಲಗಿಸಿದರು. ಎಚ್ಚರವಾಗಿ ಅದು ಅಳತೊಡಗಿತು.

ಮಣ್ಣು ಜರಡಿ ಹಿಡಿಯುತ್ತಿದ್ದ ತಿಮ್ಮಮ್ಮ ಎಂಬ ಕೂಲಿ ಹೆಂಗಸಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಜರಡಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಗುಳಿಗೆ ಇಳಿದಳು. ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡು, ಯಾರ ಕೂಸು ಇದು ಎಂದು ನನ್ನ ಕಡೆ ತಿರುಗಿದಳು. ನಂದಲ್ಲ ಎಂದೆ. ಮೂರೇ ಮೂರು ಅಕ್ಷರದ ಮಾತು, ಆದರೆ ಅದು ಗಂಟಲಿನಿಂದ ಆಚೆ ಬರುವಾಗ ನನ್ನ ಮೊಲೆ ಹಾಲು ತಾನಾಗಿ ಸ್ರವಿಸಿ ರವಿಕೆ ಒದ್ದೆಯಾಯಿತು. ತಿಮ್ಮಮ್ಮ ಯಜಮಾನರ ಕಡೆ ನೋಡಿ ಹಿಂಜರಿದಳು. ದಿನಾ ಬೈಸಿಕೊಳ್ಳುವವಳು.

"ಸ್ವಾಮೇರಾ, ನಿಮ್ದಾ?"

ಯಜಮಾನರು ತಲೆಯ ಮೇಲಿದ್ದ ಹ್ಯಾಟನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಮ್ದಲ್ಲ ಕಣಮ್ಮ," ಎಂದರು. "ತಿಪ್ಪೇದು."

ಅತ್ತೆ ನನ್ನ ಕೈಯಿಂದ ತೌಡಿನ ಗಂಟು ಇಸಿದುಕೊಂಡು, ಬಿಚ್ಚಿ ತಿಮ್ಮಮ್ಮನ ಸೆರಗಿಗೆ ಸುರಿದರು. ಅವಳು ಕಡಿಮೆಯಾಯಿತೆಂದು ಸುಳ್ಳುಸುಳ್ಳೇ ಗೊಣಗಿದಳು, ಹಾಗೆ ಗೊಣಗಬೇಕು. ಆಮೇಲೆ ಮಗುವನ್ನು ಕೊಟ್ಟಳು. ಇದೇನು ಎಂದು ಅನಂತಪದ್ಮನಾಭ ಅವರು ಕೇಳಿದಾಗ ಯಜಮಾನರು, ನನ್ನನ್ನೂ ಹೀಗೆಯೇ ಮಾರಿದ್ದರು ಸಾರ್, ಮನೆಯಲ್ಲಿ ನನ್ನ ಹೆಸರು ತಿಪ್ಪಯ್ಯ ಎಂದರು. ಅಧಿಕಾರಿಗಳು ಇವರ ಮೂಗಿನ ಗುರುತನ್ನು ನೋಡಿದರು. ಗೂಟ ಕಿತ್ತ ಕಡೆ ಮತ್ತೆ ಅಳತೆ ಹಿಡಿದ ಮೇಲೆಯೇ ನಕ್ಷೆ ಬರೆಯಿರಿ ಎಂದಷ್ಟೇ ಹೇಳಿ, ತಮ್ಮ ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ಮುಂದಿನ ವರ್ಷ ಅನುಮತಿ ಬಂತು, ಹಣ ಕೇಳಿದ್ದರಲ್ಲಿ ಅರ್ಧ ಬಂತು. ಆವಿಗೆಯ ಅನುಮಾನ ಅವರಿಗೆ ಪೂರ್ತಿ ಹೋಗಲಿಲ್ಲವೆಂದು ಕಾಣುತ್ತದೆ.

ತೌಡಿಗೆ ಬಂದ ಆ ಹುಡುಗಿ ಈಗ ಸ್ಕೂಲಿಗೆ ಹೋಗುತ್ತಾಳೆ, ನನಗೇ ಎದುರು ಮಾತಾಡುತ್ತಾಳೆ. ತಿಪ್ಪಮ್ಮ ಎಂದು ಕರೆದರೆ ಅಜ್ಜಿಗೆ ಮಾತ್ರ ಓಗೊಡುತ್ತಾಳೆ. ಅವಳು ಉಳಿದದ್ದು ತಿಪ್ಪೆಯಿಂದಲೋ, ಡಾಕ್ಟರ ಔಷಧಿಯಿಂದಲೋ ನಾನು ವಿಚಾರಿಸಲು ಹೋಗಿಲ್ಲ.

ಆವತ್ತಿನ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ನಾವು ಅದೇ ಜಟಕಾದಲ್ಲಿ ಮನೆಗೆ ಬಂದು, ಮಗು ಹೊಸಿಲು ದಾಟಿ, ನಾನು ಮಲಗಿದ್ದೆ. ಬಾಗಿಲಿಗೆ ಬಾರದೆ ಯಾರೋ ಹಿತ್ತಿಲಿಗೆ ಹೋದ ಸದ್ದು ಕೇಳಿ ಕಿಟಕಿಯಿಂದ ನೋಡಿದೆ. ಯಜಮಾನರು. ಬಸ್ಸಿಳಿದು ನಡೆದು ಬಂದಿದ್ದರು, ಹೆಗಲ ಮೇಲೆ ಗೋಣಿಚೀಲ. ಕ್ರೋಟನ್ ಕುಂಡಗಳನ್ನು ಎತ್ತೆತ್ತಿ ಗೋಡೆಯ ಪಕ್ಕಕ್ಕಿಟ್ಟು, ಗರುಸನ್ನು ಕೈಯಿಂದಲೇ ಬಳಿದು, ಚೀಲವನ್ನು ಆ ಮೂಲೆಯಲ್ಲಿ ಬಗ್ಗಿಸಿದರು. ಬಂದದ್ದು ಬೂದಿ ಮಣ್ಣು, ಒಂದು ಮಕ್ಕರಿಯಷ್ಟು. ಕೊಟ್ಟಿಗೆಯಲ್ಲಿ ಹಸುವಿಗೆ ನೀರು ಇಡುತ್ತಿದ್ದ ಅತ್ತೆ ಬಂದು ನಿಂತರು.

"ಜರಡಿ ಹಿಡ್ಕೊಂಡೇ ತಂದಿದ್ದೀನಿ. ಒಂದು ಬೋಕಿನೂ ಇಲ್ಲ," ಎಂದರು ಇವರು. ಕಳ್ಳತನದಲ್ಲೂ ಶಿಸ್ತು ಬಿಡದ ಮನುಷ್ಯ.

ಇವರು ಕೈಯ ಮಣ್ಣು ಉಜ್ಜಿಕೊಳ್ಳುತ್ತ, ತಲೆ ಎತ್ತದೆ ನಿಂತಿದ್ದರು.

"ಅಡಿ ಕೆರೀಬಾರ್ದು ಅಂತ ನಂಗೆ ಗೊತ್ತಿತ್ತು ಕಣವ್ವ. ಲಾರಿಯೋರು ಕೆರೆದ್ಬುಟ್ರು, ನಾನು ನೋಡ್ತಾ ನಿಂತಿದ್ದೆ. ಅವತ್ತಿಂದ ಮಗೂನ ನೋಡಕ್ಕೆ ಬಂದಾಗ್ಲೆಲ್ಲ ಉಸಿರಾಡ್ತಾ ಅದಾ ಅಂತ ನೋಡ್ತಿದ್ದೆ."

ಅತ್ತೆ ಒಳಗೆ ಹೋದರು. ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಸಗಣಿಯನ್ನು ಮಕ್ಕರಿಗೆ ತುಂಬಿ, ಹೊತ್ತು ತಂದು, ಮಗನ ತಲೆಯ ಮೇಲೆ ಇಟ್ಟರು. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡಿದ್ದ ಲೆಕ್ಚರರು ಅದನ್ನು ಎರಡು ಕೈಯಲ್ಲಿ ಹಿಡಿದು, ಮೂಲೆಗೆ ನಡೆದು, ಬೂದಿಯ ಮೇಲೆ ಸುರಿದರು. ಪಕ್ಕದ ಮನೆಯಲ್ಲಿ ಅಲಮೇಲು ಕಿಟಕಿ ಮುಚ್ಚಿಕೊಂಡರು.